ಹಳೇ ಚೀಲಾ ಕೊಡು

ಚಾ ಬ್ಯಾಡ. ಚಾ ಕುಡಿಯಾಕ ಬಂದಿಲ್ಲ ನಾ. ನಿನ್ನ ಮಗಾ ಮೈಬೂಬ ಎಲ್ಲದಾನ, ಮೊದಲ ಅದನ್ನ ಹೇಳು. ಅಂಗಡಿಗೆ ಹೋಗೇ ಬಂದೇನಿ, ಬೋರಿನ ಮೋಟರ್ ನೋಡಾಕ ತಾಂಬಾ ಊರಿಗೆ ಹೋಗ್ಯಾನಂತ. ಹೋಗ್ಲಿ. ನಿನ್ನ ಕೂಡನಽ ಮಾತಾಡ್ತೇನಿ. ಆ ಹೊಲಿಗಿ ಮಶೀನ್ ನಿಂದ್ರಸು ಒಂದೀಟು. ನಿಂದ್ರಸಂಗಿಲ್ಲ? ತುಳಿ ಹಂಗಾರ, ತುಳಿ. ನನ್ನ ದನಿ ನಿನ್ನ ಮಶೀನಿಗಿಂತ ದೊಡ್ಡದೈತಿ, ಸಿಂದಗಿಗೆಲ್ಲಾ ಗೊತ್ತೈತಿ.

ನಮ್ಮ ಧೂಳಾ ಎಳಿಯೂ ಡಬ್ಬಿ ಸಲುವಾಗಿ ಬಂದೇನಿ. ಅದರ ಮೋಟರ್ ಸುಟ್ಟೈತಿ, ವೈಂಡಿಂಗ್ ಮಾಡಿಕೊಡು ಅಂತ ನಮ್ಮ ಅಮಿತ ನಿನ್ನ ಮಗನ ಕಡೆ ಕೊಟ್ಟ. ಬರೇ ಮೋಟರ್. ಒಳಗಿನ ಚೀಲಾ ಬಿಚ್ಚು ಅಂತ ಯಾರ ಹೇಳಿದ್ರು? ಹೊಟ್ಟಿನೋವು ಅಂತ ಡಾಕ್ಟರ ಕಡೆ ಹೋದ್ರ ಅಂವ ಕಿಸೆ ತಡವತಾನೇನು?

ಊಟಕ್ಕ ಕುಂತಾಗ ಅಮಿತ ಹೇಳಿದ. ಅವ್ವಾ, ಧೂಳಾ ತುಂಬೂ ಅರಬಿ ಚೀಲ ಚಿಂದಿ ಆಗೇತಂತ, ಮೈಬೂಬಣ್ಣ ಅದನ್ನ ತನ್ನ ಅವ್ವಗ ಕೊಟ್ಟಾನ, ಅದರ ಅಳತಿಗೇ ಹೊಸಾದು ಹೊಲಿಯಾಕತ್ತಾಳ ಅಂದ. ನನ್ನ ಬಾಯಾಗಿನ ರೊಟ್ಟಿ ಅಲ್ಲೇ ನಿಂತಿತು ನೋಡು. ಸಿಟ್ಟಿಗೆ... ಮತ್ಯಾತಕ್ಕ? ಕೈ ತೊಳದಾಕಿನಽ ಬಂದೇನಿ.

ಹಳೇ ಚೀಲಾ ಕೊಡು. ಹೊಸಾದು ನೀನಽ ಇಟ್ಕೋ, ಕಾಯಿಪಲ್ಲೆ ತರಾಕ ಆಗ್ತೈತಿ.

ಹಾಂಗ ಯಾಕ ನೋಡ್ತಿ? ನಮ್ಮ ಮಾವನ ನೆನಪಿನ ಸಾಮಾನ ಅದು. ಹಳೇದು ಹಳೇದರಂಗನಽ ಇರಬೇಕು.

ಎಲ್ಲಾ ಆ ಸಿದ್ದರಾಯಂದ ಚಾಲೂ ಆತು. ಇಂಡಿಯಿಂದ ಬಂದ ನಮ್ಮ ಬೀಗ. ಅಮಿತ ಅಟ್ಟದ ಮ್ಯಾಲಿಂದ ಕೊಳವಿಯಂಥಾ ಆ ಕಬ್ಬಿಣ ಡಬ್ಬಿ ಇಳಿಸಿದ್ದ. ಉದ್ದನ್ನ ಪೈಪ ನೋಡಿ ಸಿದ್ದರಾಯ, ಇದು ಲಿಂಬಿ ಗಿಡಕ್ಕ ಹುಳದ ಎಣ್ಣಿ ಹೊಡಿಯೂ ಪಂಪು ಅಂದ. ಇಂಡಿಯವರಿಗೆ ಕನಸಿನ್ಯಾಗೂ ಲಿಂಬಿ ಗಿಡಾನಽ. ನಾನೂ ಹೌದೌದು ಪಂಪೇ ಐತಿ, ಹೊಳ್ಳಿ ಅಟ್ಟಕ್ಕ ಒಗಿ ಅಂದೆ. ಅಷ್ಟಕ್ಕ ಮುಗೀತಿತ್ತು. ಆದ್ರ ನಿನ್ನ ಮಗಾ ದೊಡ್ಡ ಪಂಡಿತ ಬಂದ್ನಲ್ಲ. ಸೀಮಿ ಎಣ್ಣಿ ಹಾಕಿ ಜಂಗು ತಗದ, ಹುಣಸಿಹಣ್ಣ ಹಚ್ಚಿ ಹಿತ್ತಾಳಿ ಪಟ್ಟಿ ತಿಕ್ಕಿದ, ನಂಬರ ಓದಿದ. ಇದು ಎಣ್ಣಿ ಹೊಡಿಯೂದಲ್ಲ, ಮುಂದ ಎಳಿತೈತಿ ಹಿಂದ ಊದ್ತೈತಿ, ಎಪ್ಪತ್ತ ವರ್ಷದ ಪರದೇಶಿ ವ್ಯಾಕ್ಯೂಮ್ ಕ್ಲೀನರ್ ಅಂದ. ನನಗ ಹೇಳಾಕ ಬರ್ತಾನ! ನಮ್ಮ ಮಾವ ಬಸಂತರಾಯ ಅದನ್ನ ಸೊಲ್ಲಾಪುರದ ಲಿಲಾವಿನ್ಯಾಗ ತಂದಾಗ ಅಂವ ತೊಟ್ಟಿಲದಾಗಿದ್ದ.

ನಿನಗೂ ನೆನಪೈತಿ. ಮೊದಲನೇ ದಿನಾ ಮಾವ ಪೈಪ ಹಿಂದಿನ ತೂತಿಗೆ ಹಚ್ಚಿ ಗುಂಡಿ ಒತ್ತಿದ್ರು. ಒಲಿ ಬೂದಿ ಎಲ್ಲಾ ಹಾರಿ ಪ್ರಸಾದಕ್ಕ ಕುಂತ ಅಯ್ಯನವರ ಮೈಮ್ಯಾಲೆ. ಹಣಿಗಷ್ಟ ಇದ್ದ ವಿಭೂತಿ ಅಂಗಾಲ ತನಕ ಆತು. ನೀ ಸೆರಗ ಬಾಯಾಗ ತುರುಕ್ಕೊಂಡು ನಕ್ಕಿದ್ದಿ. ಶಂಕ್ರಕ್ಕಾ, ಈ ಮಶೀನಿಗೆ ಕೈಲಾಸದ ದಾರಿ ಗೊತ್ತೈತಿ ಅಂದಿದ್ದಿ.

ಆವಾಗ ಶಂಕ್ರಕ್ಕಾ ಅಂತಿದ್ದಿ. ಈಗ ಬರ್ರಿ, ಕುಂದರ್ರಿ. ಇಪ್ಪತ್ನಾಕ ವರ್ಷಾತು ಈ ‘ರಿ’ ಕೇಳಾಕತ್ತು.

ಗೊತ್ತೈತಿ ನನಗ, ಯಾವುದು ನಿನ್ನ ತಲ್ಯಾಗ ತಿರಗಾಕತ್ತೈತಿ. ನತ್ತು. ನನ್ನ ಬಸರಿ ನಾದನಿದು ಕುಬಸದ ಕಾರ್ಯ ಇತ್ತು, ನೀ ನಮ್ಮ ಮನ್ಯಾಗ ಕುಂತು ಎಲ್ಲಾರ ಕುಬಸಾ ಹೊಲಿದಿ, ಅವತ್ತ ನನ್ನ ಮುತ್ತಿನ ನತ್ತು ಕಳೀತು. ನಾ ನಿನ್ನ ಹೆಸರ ತಗೊಂಡಿಲ್ಲ, ಸುಗ್ರಾ. ಕಟ್ಟಿ ಮ್ಯಾಲೆ ನಿಂತು ಒದರಿದ್ದು ಖರೆ. ಆದ್ರ ಏನಂದೆ? ಆ ಖೋಲ್ಯಾಗ ಕತ್ತರಿ ಹಿಡದಾಕಿ ಒಬ್ಬಾಕಿನಽ ಇದ್ಲು ಅಂದೆ. ಅಷ್ಟಽ. ಅದರಾಗ ಹೆಸರೆಲ್ಲೈತಿ?

ಮಂದಿ ನಿನಗ ಅರಬಿ ಕೊಡೂದು ಬಿಟ್ರು. ಅದು ಮಂದಿ ತಪ್ಪು. ನಿಮ್ಮ ಪೈಕಿ ಮೆಹರುನ್ನಿಸಾ ಸೈತ ಮಗಳ ಮದವಿ ಅರಬಿ ಬ್ಯಾರೆ ಕಡೆ ಹೊಲಿಸಿದ್ಲು, ಅದಕ್ಕೂ ನಾನಽ ಏನು? ದಿನಾ ಮುಂಜಾನೆ ಬಸ್ ಹಿಡದು ಆಲಮೇಲಕ್ಕ ಹೋಗಿ ಯಾರದೋ ಅಂಗಡ್ಯಾಗ ಹೊಲದಿ, ಒಂಬತ್ತ ವರ್ಷ. ಕಿಡಕಿಯಿಂದ ನೋಡತಿದ್ದೆ ನಾ. ನೋಡತಿದ್ದೆ ಅಂದ್ರ... ಕಣ್ಣಿಗೆ ಬೀಳತಿದ್ದಿ.

ಈಗ ಒಂದ ಮಾತ ಕೇಳು. ನಾ ಸುಮ್ನ ಹೇಳಾಕತ್ತೇನಿ. ಆ ಚೀಲದಾಗ ಏನರೆ ಸಿಕ್ಕಿತು ಅಂತ ತಿಳಿ. ಸಿಕ್ತೈತಿ ಅಂತ ಅಲ್ಲ. ಸಿಕ್ಕಿದ್ರ ಯಾರ ತಪ್ಪದು? ಜಮಖಾನಿ ಮ್ಯಾಲೆ ನತ್ತ ಬಿದ್ದಿತ್ತು, ಮಶೀನ್ ಧೂಳಿನ ಕೂಡ ಎಳಕೊಂತು. ಮಶೀನಿಗೆ ಕಣ್ಣೈತೇನು? ನನಗೇನು ಕನಸ ಬಿದ್ದಿತ್ತೇನು? ಇದರಾಗ ನಿಂದೂ ತಪ್ಪಿಲ್ಲ, ನಂದೂ ತಪ್ಪಿಲ್ಲ. ಇಬ್ರೂ ನಕ್ಕು...

ಯಾಕ ನಿಂದ್ರಿಸಿದಿ ತುಳಿಯೂದು?

ಏನದು ಕೈಯಾಗ?

ಅದು... ಯಾವದೋ ಅರಬಿ ತುಂಡಿನ ಗಂಟು. ಹಸರ ಖಣಾ. ಅಂಥಾ ಖಣಾ ಊರತುಂಬ ಸಿಗ್ತೈತಿ.

ಹಾಂ. ಹೌದು. ನೀನಽ ಹೊಲಿದ ಕುಬಸದ ಉಳಕಿ. ನಿನ್ನ ಕತ್ತರಿ ಕಡದಿದ್ದು ನಿನಗ ಗುರ್ತ ಹತ್ತದ ಇರ್ತೈತೇನು.

ಹಂಗ ನೋಡಬ್ಯಾಡ. ಮಶೀನ್ ಗಂಟ ಹಾಕಂಗಿಲ್ಲ, ಗೊತ್ತೈತಿ ನನಗೂ. ನಾನಽ ಕಟ್ಟಿದ್ದು. ಒದರಿದ ಮ್ಯಾಲೆ ಎಂಟ ದಿನಕ್ಕ ಧೂಳಾ ಚೆಲ್ಲಾಕ ಚೀಲಾ ಬಿಚ್ಚಿದೆ, ನತ್ತು ಹೊಳೀತು. ನಿನ್ನ ಕರೀಬೇಕು ಅಂತ ಬಾಗಲಾ ತನಕ ಬಂದಿದ್ದೆ, ಸುಗ್ರಾ. ಅಷ್ಟೊತ್ತಿಗೆ ಕಟ್ಟಿ ಮ್ಯಾಲೆ ಹೆಂಗಸರು ನಿನ್ನ ಮಾತನಽ ಆಡಾಕತ್ತಿದ್ರು. ನಾ ಕೊಟ್ಟ ಮಾತು ಅದು. ಹೊಳ್ಳಿ ಹ್ಯಾಂಗ ಇಸ್ಕೊಳ್ಳಲಿ? ನತ್ತ ಈ ಖಣದಾಗ ಕಟ್ಟಿ ಆ ಚೀಲದಾಗನಽ ಇಟ್ಟೆ. ನಾಳಿ ಹೇಳಿದ್ರಾತು ಅಂತ. ಆಮ್ಯಾಲೆ ಮಾವ ಹೋದ್ರು, ಮಶೀನ್ ಅಟ್ಟಕ್ಕೇರಿತು. ತಗೀಬೇಕು ತಗೀಬೇಕು ಅಂತಿದ್ದೆ, ತಗದ್ರ ಯಾವ ಮೂಗಿಗೆ ಹಾಕ್ಕೊಳ್ಳಲಿ?

ಏನರೆ ಅನ್ನು. ಬೈಯಿ. ನಾ ಬೈದಂಗ ಬೈಯಿ.

ಇದೇನಿದು... ಗಂಟ ಬಿಚ್ಚಿಲ್ಲ ನೀ? ಮೂರೂ ಗಂಟು ನಾ ಹಾಕಿದಂಗನಽ ಅದಾವು. ಒಳಗೇನೈತಿ ಅಂತ ನೋಡೇ ಇಲ್ಲ? ಹಂಗಾರ ನಿನಗ ಗೊತ್ತೇ ಇರಲಿಲ್ಲ... ಎಲ್ಲಾ ನಾನಽ...

ಕೊಡು ಇಲ್ಲೆ. ಯಾಕ ಎದ್ದಿ? ನನ್ನ ಕೈಯಾಗ ಇಟ್ಟು ಎಲ್ಲಿ ಹೊಂಟಿ?

ಬಾಗಲಾ ಯಾಕ ತಗದಿ? ನಾ ನಿಂತು ಒದರಿದ ಆ ಕಟ್ಟಿ ಮ್ಯಾಲೆನಽ ಮಂದಿ ಐತಿ, ಸುಗ್ರಾ. ಎಲ್ಲಾರೂ ಈ ಕಡೇನಽ ನೋಡಾಕತ್ತಾರ.