ವಾರೆನ್ ಅವರ ದೋಣಿ ಮತ್ತು ನಮ್ಮಪ್ಪನ ತಿಮಿಂಗಿಲದ ಹಲ್ಲು

ಈ ಸಭೆಯ ಅಧ್ಯಕ್ಷರೂ, ವೈತೋಲು ಊರಿನ ಮುಖ್ಯಸ್ಥರೂ, ಅದಕ್ಕೂ ಮೊದಲು ನನ್ನ ಅಣ್ಣನೂ ಆದ ರಾತು ಎಮೋಸಿಯವರೇ, ರಾಜಧಾನಿ ಸುವಾದಿಂದ ಬಂದಿರುವ ಆರೋಗ್ಯ ಇಲಾಖೆಯ ಹಿರಿಯರೇ, ನಮ್ಮ ಪಾದ್ರಿಗಳೇ, ಇಂದಿನ ಸನ್ಮಾನಿತರಾದ ಶ್ರೀ ವಾರೆನ್ ಪ್ರಿಚರ್ಡ್ ಅವರೇ, ಚಾಪೆಗಳ ಮೇಲೆ ಒತ್ತೊತ್ತಾಗಿ ಕುಳಿತಿರುವ ನನ್ನೂರಿನ ಸಭಿಕರೇ.

ಸನ್ಮಾನಿತರನ್ನು ಪರಿಚಯಿಸಲು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷ ಇಲ್ಲಿನ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಐದು ನಿಮಿಷ ಹಾಜರಿ ಕೂಗುವುದಕ್ಕೂ ಸಾಲದು. ಅವರ ಕಚೇರಿಯವರು ಒಂದು ಪುಟದ ಪರಿಚಯವನ್ನು ಅಚ್ಚು ಹಾಕಿಸಿ ಕಳುಹಿಸಿದ್ದಾರೆ. ಅಣ್ಣ ಬೆಳಿಗ್ಗೆಯೇ ಎಚ್ಚರಿಸಿದ್ದಾನೆ: "ತರಾಯಿವಿನಿ, ಅದನ್ನ ಓದಿ ಕೂತ್ಕೊಂಡ್ಬಿಡು. ನಿಂದೇನೂ ಸೇರಿಸೋಕೆ ಹೋಗ್ಬೇಡ."

ಓದುತ್ತೇನೆ. ಒಂದೇ ದೋಣಿಯಿಂದ ಆರಂಭಿಸಿದವರು. ಇಂದು ಐದು ದ್ವೀಪಗಳಲ್ಲಿ ವಿಹಾರಧಾಮಗಳು, ಎರಡು ಪುಟ್ಟ ವಿಮಾನಗಳು. ಸಿಡ್ನಿಯ ಮಕ್ಕಳ ಆಸ್ಪತ್ರೆಗೆ ಒಂದು ವಾರ್ಡು, ನಮ್ಮ ದ್ವೀಪಗಳ ಮಕ್ಕಳಿಗೆ ವಿದ್ಯಾರ್ಥಿವೇತನ. ಎಲ್ಲವೂ ನಿಜ. ನನ್ನ ಮಗಳು ನರ್ಸ್ ಆದದ್ದು ಆ ವಿದ್ಯಾರ್ಥಿವೇತನದಿಂದಲೇ. ಅದನ್ನು ನಾನು ಮರೆತಿಲ್ಲ, ಮರೆಯುವವಳೂ ಅಲ್ಲ.

ಆದರೆ ನಾಲ್ಕನೆಯ ಸಾಲಿನಲ್ಲಿ ಹೀಗಿದೆ: 'ಯಾರೂ ವಾಸವಿಲ್ಲದ ಸುಂದರ ಕಡಲತೀರವೊಂದನ್ನು ಕಂಡುಹಿಡಿದರು.' ಯಾರೂ ಇರಲಿಲ್ಲವೇ? ಹಾಗಾದರೆ ಆ ದಿನ ಸೋರುವ ದೋಣಿಯಲ್ಲಿ ಆರು ಜನ ಗಿರಾಕಿಗಳೊಂದಿಗೆ ನೀವು ಬಂದಿಳಿದಾಗ ತೆಂಗಿನ ಹಾಲಿನಲ್ಲಿ ಮೀನು ಬೇಯಿಸಿ ಬಡಿಸಿದವರು ಯಾರು ವಾರೆನ್? ನಮ್ಮಮ್ಮ. ನಿಮ್ಮ ಗುಡಾರ ಗಾಳಿಗೆ ಹಾರಿಹೋದಾಗ ಮಲಗಲು ಚಾಪೆ ಕೊಟ್ಟವರು ಯಾರು? ಅದೂ ನಮ್ಮಮ್ಮನೇ. ನಾಲ್ಕು ಸಲ ಹಾಕಿಸಿಕೊಂಡು ತಿಂದಿರಿ. "ಈ ಹುಡುಗನ ಹೊಟ್ಟೆಯಲ್ಲೂ ತೂತಿದೆ ಕಣೇ, ದೋಣಿ ಥರಾನೇ" ಎಂದು ಅಮ್ಮ ನಗುತ್ತಿದ್ದರು.

ಆಮೇಲೆ ನೀವು ನಮ್ಮ ಪದ್ಧತಿಯಂತೆಯೇ ಬಂದಿರಿ. ಮಂಡಿಯೂರಿ, ಎರಡೂ ಕೈಯಲ್ಲಿ ತಿಮಿಂಗಿಲದ ಹಲ್ಲು ಹಿಡಿದು, ನಮ್ಮಪ್ಪನ ಮುಂದೆ ಕಡಲತೀರವನ್ನು ಕೇಳಿದಿರಿ. ಆಗ ಅಪ್ಪನೇ ಊರಿನ ಮುಖ್ಯಸ್ಥರು, ಅಂದಿನ ರಾತು. ನಾನು ಬಾಗಿಲ ಬಳಿ ಕೂತಿದ್ದೆ. ಅಪ್ಪ ಹೇಳಿದರು: "ಮರಳು ತಗೋ, ಮರದ ನೆರಳು ತಗೋ. ಆದ್ರೆ ನಮ್ಮೂರಲ್ಲಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ನಿನ್ನ ದೋಣಿ ಮೊದಲು ಅವರದ್ದು. ನಿನ್ನ ಗಿರಾಕಿಗಳದ್ದು ಆಮೇಲೆ."

ನೀವು ಹೇಳಿದಿರಿ: "ಅದನ್ನೂ ಬಾಯಿಬಿಟ್ಟು ಹೇಳ್ಬೇಕಾ ರಾತು? ಆಯ್ತು."

ಅಪ್ಪ ಹಲ್ಲನ್ನು ತೆಗೆದುಕೊಂಡರು. ಎಲ್ಲರೂ ಮೂರು ಸಲ ಚಪ್ಪಾಳೆ ತಟ್ಟಿದೆವು. ಕಾಗದವಿಲ್ಲ, ಸಹಿಯಿಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತು ಇನ್ನೊಂದಿಲ್ಲ.

ಮೂವತ್ತು ವರ್ಷಕ್ಕೂ ಮೀರಿ ನೀವು ಆ ಮಾತನ್ನು ಉಳಿಸಿಕೊಂಡಿರಿ. ಅದನ್ನೂ ಹೇಳಲೇಬೇಕು. ಈ ಸಭೆಯಲ್ಲಿ ಕುಳಿತಿರುವ ಎಷ್ಟು ಜನ ನಿಮ್ಮ ದೋಣಿಯಲ್ಲೇ ಹುಟ್ಟಿದವರು! ಆಮೇಲೆ ದೋಣಿಗಳು ಹೆಚ್ಚಿದವು, ಮ್ಯಾನೇಜರುಗಳು ಹೆಚ್ಚಿದರು, ನೀವು ಇಲ್ಲಿಗೆ ಬರುವುದು ಕಡಿಮೆಯಾಯಿತು.

ಈ ಫೆಬ್ರವರಿಯಲ್ಲಿ ನನ್ನ ತಂಗಿ ಕೆಲೆರಾಳ ಗಂಡ ಇಸೋವಾಗೆ ಬೆಳಿಗ್ಗೆಯಿಂದ ಹೊಟ್ಟೆನೋವು. ಮಧ್ಯಾಹ್ನದ ಹೊತ್ತಿಗೆ ನಿಲ್ಲಲೂ ಆಗಲಿಲ್ಲ. ಅವನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ನಿಮ್ಮ ದೋಣಿಕಟ್ಟೆಗೆ ಹೊತ್ತು ತಂದರು. ದೋಣಿ ಅಲ್ಲೇ ಕಟ್ಟಿತ್ತು. ನಿಮ್ಮ ಮ್ಯಾನೇಜರ್ ಹೇಳಿದ: "ಇದು ಬುಕ್ ಆಗಿದೆಯಮ್ಮ. ಅತಿಥಿಗಳು ಸೂರ್ಯಾಸ್ತ ನೋಡೋಕೆ ಹೊರಟಿದ್ದಾರೆ. ವಾಪಸ್ ಬಂದ್ಮೇಲೆ ನೋಡೋಣ."

ಸೂರ್ಯಾಸ್ತ! ಅದು ನಾಳೆಯೂ ಆಗುತ್ತಿರಲಿಲ್ಲವೇ? ನಮ್ಮ ದ್ವೀಪದಲ್ಲಿ ಅದು ಒಂದು ದಿನವಾದರೂ ತಪ್ಪಿದ್ದುಂಟೇ? ಇಸೋವಾನನ್ನು ಮೀನಿನ ಸಣ್ಣ ದೋಣಿಯಲ್ಲಿ ಕಡಲಿನ ಆಚೆಯ ಆಸ್ಪತ್ರೆಗೆ ಕರೆದೊಯ್ದರು. ಅರ್ಧ ದಾರಿಯಲ್ಲಿ ಅವನು ತೀರಿಕೊಂಡ.

ಇಷ್ಟೆಲ್ಲ ನಿನಗೆ ಹೇಗೆ ಗೊತ್ತು ಎಂದು ಸುವಾದ ಹಿರಿಯರು ಕೇಳಬಹುದು. ನಾನು ಅದೇ ಕಟ್ಟೆಯ ಮೇಲೆ ನಿಂತಿದ್ದೆ. ಶಾಲೆಯಿಂದ ನಿವೃತ್ತಳಾದ ಮೇಲೆ ಅತಿಥಿಗಳಿಗೆ ಹಾಡುವ ಹೆಂಗಸರಿಗೆ ನಾನೇ ಮುಂದಾಳು. ಕೈಯಲ್ಲಿ ಹೂವಿನ ಹಾರಗಳಿದ್ದವು. ಕೆಲೆರಾ ನನ್ನ ಮುಖ ನೋಡಿದಳು. ನಾನು... ಆ ವಿಷಯ ಬೇಡ. ಇಲ್ಲ, ಬೇಕು. ನಾನು ಮುಖ ತಿರುಗಿಸಿ ಎರಡನೆಯ ಚರಣ ಹಾಡಿದೆ. ಹಾಡಿ ಮುಗಿಸಿದೆ.

ಅಂದಿನಿಂದ ಏಳು ತಿಂಗಳು ಊರು ನಿಮಗಾಗಿ ಕಾಯಿತು. ನಮ್ಮಲ್ಲಿ ತಪ್ಪು ಮಾಡಿದವರು ಹಲ್ಲು ಹಿಡಿದು ಬಂದು ಚಾಪೆಯ ಮೇಲೆ ಕೂರುತ್ತಾರೆ. ಅಲ್ಲಿಯವರೆಗೆ ನಾವು ಬಾಯಿಬಿಟ್ಟು ಕೇಳುವುದಿಲ್ಲ. ನಿಮಗೆ ಇದು ತಿಳಿಯದೇ? ನಿಮ್ಮ ಲಂಗರು ನಮ್ಮ ಹವಳದ ದಿಬ್ಬವನ್ನು ಒಡೆದ ವರ್ಷ ಮಂಡಿಯೂರಿ ಬಂದವರು ನೀವೇ ಅಲ್ಲವೇ? ಹವಳಕ್ಕೆ ಬಂದವರು ಇಸೋವಾಗೆ ಬರಲಿಲ್ಲ. ಮ್ಯಾನೇಜರ್ ಕೈಯಲ್ಲಿ ಹೂಗುಚ್ಛ ಕಳುಹಿಸಿದಿರಿ. ಈಗ ನಿಮ್ಮ ಹೆಸರಿನ ಹಿತ್ತಾಳೆ ಫಲಕ ಹೊತ್ತ ಚಿಕಿತ್ಸಾಲಯ ಕಟ್ಟಿಸಿದ್ದೀರಿ. ಚೆನ್ನಾಗಿದೆ. ಆದರೆ ಹೊಟ್ಟೆ ಕೊಯ್ಯುವ ವೈದ್ಯರು ಕಡಲಿನ ಆಚೆ ಇದ್ದಾರೆ. ಕಟ್ಟಡ ಕಡಲು ದಾಟುವುದಿಲ್ಲ ವಾರೆನ್.

ಅಣ್ಣ ಕೆಮ್ಮುತ್ತಿದ್ದಾನೆ. ಕೆಮ್ಮಲಿ. ಮುಗಿಸುತ್ತೇನೆ.

ಈ ಬಟ್ಟೆಯಲ್ಲಿ ಸುತ್ತಿರುವುದು ನೀವು ಅಂದು ಕೊಟ್ಟ ಹಲ್ಲು. ಅಪ್ಪ ಸಾಯುವ ಮುನ್ನ ನನ್ನ ಕೈಗಿತ್ತು ಹೇಳಿದ್ದರು: "ನೀನೇ ಇಟ್ಕೊ. ಎಮೋಸಿ ಕೈಗೆ ಸಿಕ್ರೆ ಯಾರದ್ದಾದ್ರೂ ಮದುವೆಗೆ ಎತ್ತಿ ಕೊಟ್ಬಿಡ್ತಾನೆ." ನಗಬೇಡಿ, ನಿಜ. ಇದನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ಹಿರಿಯರು ಗಾಬರಿಯಾಗಬೇಡಿ. ಇದನ್ನು ಹಿಂತಿರುಗಿಸಿ ಕಡಲತೀರವನ್ನು ಕಿತ್ತುಕೊಳ್ಳುತ್ತಿಲ್ಲ. ಎರವಲು ಕೊಡುತ್ತಿದ್ದೇನೆ.

ಕೆಲೆರಾ ಈ ಸಭೆಗೆ ಬಂದಿಲ್ಲ. ಅವಳ ಮನೆ ಇಲ್ಲಿಂದ ನಲವತ್ತು ಹೆಜ್ಜೆ. ಬಾಗಿಲು ತೆರೆದಿದೆ. ನೀವು ಇದನ್ನು ಹಿಡಿದು ನಡೆಯಿರಿ, ಚಾಪೆಯ ಮೇಲೆ ಕುಳಿತು ಅಪ್ಪನಿಗೆ ಕೊಟ್ಟ ಮಾತನ್ನು ಅವಳ ಮುಂದೆ ಇನ್ನೊಮ್ಮೆ ಹೇಳಿ. ಅವಳು ಹಲ್ಲನ್ನು ತೆಗೆದುಕೊಂಡರೆ ಬಂದು ಚಿಕಿತ್ಸಾಲಯದ ಟೇಪು ಕತ್ತರಿಸೋಣ. ತೆಗೆದುಕೊಳ್ಳದಿದ್ದರೆ ಅದು ಅವಳ ಹಕ್ಕು.

ಒಬ್ಬರೇ ಹೋಗಲು ಹೆದರಿಕೆಯಾದರೆ ನಾನೂ ಬರುತ್ತೇನೆ. ನಿಮ್ಮ ಪಕ್ಕದಲ್ಲೇ ಮಂಡಿಯೂರುತ್ತೇನೆ. ಏಳು ತಿಂಗಳಿಂದ ನಾನೂ ಆ ಹೊಸ್ತಿಲು ದಾಟಿಲ್ಲ.

ಐದು ನಿಮಿಷಕ್ಕಿಂತ ಹೆಚ್ಚು ಸಹಿಸಿಕೊಂಡ ಎಲ್ಲರಿಗೂ ವಂದನೆಗಳು. ಏಳಿ ವಾರೆನ್, ಹೋಗೋಣ. ನಮಸ್ಕಾರ.