ಹಿಂದಿನಿಂದ ಸೊಲ್ಲು ಎತ್ತಾಕಿ

ಬ್ಯಾಡ, ಬ್ಯಾಡ, ಗೆಜ್ಜಿ ಬಿಚ್ಚಬ್ಯಾಡ! ತಾಲೀಮು ಮುಗಿಯೂ ಮೊದಲ ಗೆಜ್ಜಿ ಬಿಚ್ಚತಾರೇನು ಯಾರಾದ್ರೂ? ಏನಂದಿ? "ನಾ ನಾಳಿ ಹಾಡೂದಿಲ್ಲ, ಆಯಿ." ಏನ್ ಛಂದ ಹೇಳಿದಿ! ನಾಳಿ ಲಕ್ಷ್ಮೇಶ್ವರದಾಗ ಸುತ್ತಿನ ಸಾಲಿ ಹುಡುಗರೆಲ್ಲಾ ಬಂದು ಕುಂಡ್ರತಾರ, ರೋಹಿಣಿ ಮೇಡಂ ಅವರ ಸಂಸ್ಥೆದವರು ಧಾರವಾಡದಿಂದ ಬರತಾರ, ಆಟದಾಗಿನ ತಂಗಿನ ಹಾಡೂದಿಲ್ಲ ಅಂದ್ರ ಏನ್ ಮಾಡ್ಲಿ ನಾ? ಎರಡು ಜಡಿ ಹಾಕ್ಕೊಂಡು ನಾನ ಹೋಗಿ ನಿಂದ್ರಲೇನು, ಈ ವಯಸ್ಸಿನ್ಯಾಗ?... ನಗು, ನಗು. ಕಾಣತು ಬಿಡು ನಕ್ಕಿದ್ದು.

ಬಾ, ಕಿಡಕಿ ಕಡೆ ಬಾ. ಉಳದವರೆಲ್ಲಾ ಬಿಸಿ ಊಟಕ್ಕ ಹೋಗ್ಯಾರ, ಇಬ್ಬರ ಅದೀವಿ. ಬೆಳಕಿಗೆ ಮಾರಿ ಮಾಡಿ ಕುಂಡ್ರು. ಮಾತಾಡೂವಾಗ ತಲಿ ಕೆಳಗ ಹಾಕಬ್ಯಾಡ ಅಂತ ಎಷ್ಟು ಸಲ ಹೇಳೀನಿ, ರಂಜನಾ? ಸಣ್ಣಾಟದಾಕಿ ನೀ, ಮಂದಿಗೆ ಬಾಯಿ ಕಾಣಬೇಕು. ಹಾಂ, ಹಂಗ. ಈಗ ಹೇಳು. ಯಾಕ ಒಲ್ಲಿ?

ನಿನ್ನಿ ತಾಲೀಮಿನ್ಯಾಗ ವಿಶಾಲ ನಕ್ಕ?... ಅಯ್ಯ, ಅಂವ ಯಾವಾಗ ನಗೂದಿಲ್ಲ! ಅವನ ಹಲ್ಲ ನೋಡಿ ನೋಡಿ ನನಗ ಬಾಯಿಪಾಠ ಆಗ್ಯಾವು... ಶೇಖಸಾಬ? ಪೇಟಿ ನಿಲ್ಲಿಸಿದ. ಹೌದು, ಕೈ ಎತ್ತಿದ್ದು ನೋಡಿದೆ ನಾ... ಸ್ವರ ತಪ್ಪೇತಿ ಅಂದ್ನ? ಅಂವಗೇನು ತಿಳೀತೈತಿ! ವಯಸ್ಸಾತು ಶೇಖಸಾಬಗ, ಕಿವಿ ಹೋಗ್ಯಾವು. ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ. ತನ್ನ ಪೇಟಿ ತಪ್ಪಿ ನುಡಿಸಿ ನಿನ್ನ ಮ್ಯಾಲ ಹಾಕ್ಯಾನ. ನಾ ಎಲ್ಲಾರ ಮುಂದ ಭೇಷ್ ಅಂದೆ ಇಲ್ಲೋ?

ಏನಂದಿ? ನಾ ಚಾಷ್ಟಿ ಮಾಡಿದೆ ಅಂತ?... ಯವ್ವಾ! ತಪ್ಪು ಹಾಡಿದಾಕಿಗೆ ಬೇಕಂತ ಭೇಷ್ ಅಂದು ನಗಸಿದೆ ಅಂತ ತಿಳಕೊಂಡಿ? ರಾತ್ರಿ ಅತ್ತೀಯೇನು? ಕಣ್ಣ ಬಾತಾವು. ಇಲ್ಲ ನನ್ನವ್ವಾ, ಇಲ್ಲ. ನಿನ್ನ ಮ್ಯಾಲ ಚಾಷ್ಟಿ ಮಾಡಿದ್ರ ನನ್ನ ನಾಲಿಗಿ ಸೇದಿ ಹೋಗಲಿ.

ಕೇಳಿಲ್ಲಿ. ಮೊದಲನೇ ದಿನ ನೆನಪೈತಿಲ್ಲೋ? ಮೇಡಂ ಆ ಪರದೇಶದ ಆಟ ಗ್ವಾಡಿ ಮ್ಯಾಲ ಬಿಟ್ಟು ತೋರಿಸಿದ್ರಲ್ಲ. ಒಪೆರಾ ಅಂತ. ಮಾತಿಲ್ಲ ಕತಿಲ್ಲ, ಜಗಳಾನೂ ಹಾಡಿನ್ಯಾಗ, ಸಾಯೂದೂ ಹಾಡಿನ್ಯಾಗ! ನೀವೆಲ್ಲಾ ಕಿವಿ ಮುಚ್ಚಿಕೊಂಡು ನಕ್ಕಿದ್ರಿ. ನಾ ರೆಪ್ಪಿ ಬಡೀದ ನೋಡಿದೆ. ಆ ದಪ್ಪ ಹೆಣ್ಣಮಗಳು ಬಾಯಿ ಎಷ್ಟು ಅಗಲ ತಗೀತಿದ್ಲು, ಕೊರಳ ನರ ಹೆಂಗ ಉಬ್ಬತಿದ್ದುವು! "ಹೆಂಗ ಅನಸ್ತು ಮಲ್ಲವ್ವಾರ?" ಅಂತ ಮೇಡಂ ಕೇಳಿದ್ರು. "ಭಾಳ ಚಲೋ ಐತ್ರಿ, ಪಾಪ, ಅಕಿ ಹಿಂದ ಸೊಲ್ಲು ಎತ್ತಾವ್ರು ಯಾರೂ ಇಲ್ಲಲ್ರಿ" ಅಂದೆ... ಇದ್ರ? ಪರದೆ ಹಿಂದ ಮಂದಿ ಹಾಡತಿದ್ರ?... ಇರಬಹುದು. ನನಗ ಕಾಣಲಿಲ್ಲ. ಮೇಡಂ ನಕ್ರು. ಹಂಗಾದ್ರ ನಮ್ಮ ಒಪೆರಾ ನೀವ ಕಲಸ್ರಿ ಹುಡುಗರಿಗೆ ಅಂದ್ರು. ಅಂದಿನಿಂದ ಬೆಟಗೇರಿಯಿಂದ ನಿಮ್ಮ ಶಿಗ್ಲಿಗೆ ಬಸ್ಸಿನ್ಯಾಗ ಜೋತಾಡಿಕೊಂಡು ಬರಾಕತ್ತೀನಿ. ಸುಮ್ಮನ ಬರತೀನೇನು?

ನಮ್ಮಾಟದಾಗ ಮುಂದ ನಿಂತಾಕಿ ಹಾಡಿ ಬಿಟ್ಟ ಕೊನಿ ಸೊಲ್ಲು ಹಿಂದಿನ ಹಿಮ್ಮೇಳ ಎತ್ತಬೇಕು. ಮುಂದಿನಾಕಿ ತಿರುಗಿ ನೋಡಬಾರದು. ನೋಡಿದ್ರ ನಂಬಿಕಿ ಇಲ್ಲ ಅಂತ ಆತು, ಹಿಮ್ಮೇಳ ಕೈ ಬಿಡತೈತಿ ಅಂತಿದ್ರು ಹಿರೇರು. ನನ್ನ ಹಿಂದ ನಮ್ಮಕ್ಕ ಬಸವಣ್ಣೆವ್ವ ನಿಂದ್ರತಿದ್ಲು. ಮುಳಗುಂದ, ಬೆಳ್ಳಟ್ಟಿ, ಮುಂಡರಗಿ... ಎಲ್ಲಿ ಆಟ ಇದ್ರೂ ಅಕಿನ. ಒಮ್ಮೆನೂ ತಿರುಗಿ ನೋಡಿಲ್ಲ ನಾ. ಇದ್ದೇ ಇರತಾಳ ಅಂತ ಗೊತ್ತು.

ಆಟ ನಿಂತುವು. ಮಂದಿ ಟೀವಿ ಮುಂದ ಕುಂತ್ರು. ಇಬ್ರೂ ಬೆಟಗೇರ್ಯಾಗ ಮಗ್ಗದ ಶೆಡ್ಡಿಗೆ ಹೋದ್ವಿ, ಕರೆಂಟಿನ ಮಗ್ಗಕ್ಕ. ಆ ಖಟಾ ಖಟಾ ಸಪ್ಪಳದಾಗ ಬಾಜೂಕ ನಿಂತು ಒದರಿದ್ರೂ ಕೇಳಂಗಿಲ್ಲ. ಅಲ್ಲಿ ಎಲ್ಲಾರೂ ಬಾಯಿ ನೋಡೇ ಮಾತಾಡತಾರ. ಮನಿ ಸುದ್ದಿ, ಬೈಗಳ, ಚಾ ಕುಡಿಯಾಕ ಕರಿಯೂದು, ಎಲ್ಲಾ ತುಟಿ ಮ್ಯಾಲ. ನಾ ಈ ಮಗ್ಗದಾಗ ನಿಂತು ಬರೇ ಬಾಯಾಗ ಹಾಡತಿದ್ದೆ, ಅಕ್ಕ ಆ ಮಗ್ಗದಿಂದ ಸೊಲ್ಲು ಎತ್ತತಿದ್ಲು. ದನಿ ಇಲ್ಲದ ಆಟ!... ಯಾಕ ನಗು ನಿಂತಿತು? ಯಾಕ ನನ್ನ ಕಣ್ಣ ನೋಡಾಕತ್ತಿ?

ಹೋದ ವರ್ಷ ಸತ್ಲು. ಮಣ್ಣು ಮಾಡಿ ಬಂದು ಒಲಿ ಮುಂದ ಕುಂತಿದ್ದೆ. ಬೆನ್ನ ಹಿಂದಿನಿಂದ ಬಂತು ನೋಡು ದನಿ! ಅದ ಸೊಲ್ಲು. ನಿನಗ ಕಲಿಸಿದ ಹಾಡಿಂದ. ತಂಗಿ ಗಂಡನ ಮನಿಯಿಂದ ಬಂದು ಅಕ್ಕನ ಬಾಗಿಲದಾಗ ನಿಂತಾಳಲ್ಲ...

ಹೊಳಿ ದಾಟಿ ಬಂದೇನ, ಕದ ತೆರಿಯ ಅಕ್ಕಯ್ಯಾ,
ಒಳಗ ದೀಪೈತಿ, ದನಿ ಯಾಕಿಲ್ಲ?

"ದನಿ ಯಾಕಿಲ್ಲಾ..." ಅಂತ ಎತ್ತಿದ್ಲು ಅಕ್ಕ. ಮೈಮ್ಯಾಗಿನ ಕೂದಲ ನೆಟ್ಟಗಾದುವು. ತಿರುಗಿ ನೋಡಲಿಲ್ಲ ನಾ. ಅಂದಿನಿಂದ ದಿನಾ ಬರತಾಳ. ಸಂತ್ಯಾಗ, ನಲ್ಲಿ ಕಡೆ. ಮೊನ್ನಿ ಲಕ್ಷ್ಮೇಶ್ವರ ಸ್ಟ್ಯಾಂಡಿನ್ಯಾಗ ಬಸ್ಸು ಬೆನ್ನಿಗೆ ಬಂದು ನಿಂತ್ರೂ ಗೊತ್ತಾಗಲಿಲ್ಲ. ಡ್ರೈವರ್ ಕೆಳಗ ಇಳದು ಬಾಯಿಗೆ ಬಂದಂಗ ಬೈದ. ಅಕ್ಕ ಹಾಡಾಕತ್ತಿದ್ಲು, ನಾ ಏನ್ ಮಾಡ್ಲಿ?

ಅಂಜಬ್ಯಾಡ. ನಿನಗೇನೂ ಮಾಡಂಗಿಲ್ಲ ಅಕಿ. ಖರೆ ಅಂದ್ರ, ಅಂಜಿಕಿ ನನಗ ಐತಿ. ಈ ಹಾಡು ನನ್ನ ಕೂಡ ಮಣ್ಣಿಗೆ ಹೋಗತೈತಿ ಅಂತ ಅಂಜಿಕಿ. ಅದಕ್ಕ ನಿನ್ನ ಬಾಯಾಗ ಇಟ್ಟೀನಿ. ನಾಳಿ ನೀ ಒಲ್ಲಿ ಅಂದ್ರ ಮೇಡಂ ಬ್ಯಾರೆ ಯಾರನ್ನರ ಕರೀತಾರ, ಬ್ಯಾರೆ ಹಾಡು ಬರತೈತಿ. ಇದನ್ನ ಯಾರು ಹಾಡವ್ರು ಆಮ್ಯಾಲ?

ಒಮ್ಮೆ ಹಾಡು. ನನ್ನೊಬ್ಬಾಕಿ ಮುಂದ. ತಪ್ಪಿದ್ರ ತಪ್ಪು ಅಂತೀನಿ, ಸರಿ ಇದ್ರ ಸರಿ ಅಂತೀನಿ. ಅಕ್ಕನ ಆಣಿ... ಹಾಡತಿ? ಹಾಂ! ಎದ್ದು ನಿಂದ್ರು. ಬೆಳಕಿಗೆ.

ಹೊಳಿ ದಾಟಿ... ಹಾಂ... ಏರಸು, ಏರಸು... ಅಕ್ಕಯ್ಯಾ ಅನ್ನೂವಾಗ ಉಸರು ಹಿಡಿ... ಒಳಗ ದೀಪೈತಿ... ಇಳಿ ಈಗ, ಸಾವಕಾಶ, ಸಾವಕಾಶ... ಭೇಷ್! ಭೇಷ್ ನನ್ನ ಮಗಳ! ಒಂದು ಎಳಿ ಹೆಚ್ಚಿಲ್ಲ, ಒಂದು ಎಳಿ ಕಡಿಮಿ ಇಲ್ಲ. ಎಲ್ಲಿ ನಡಗಬೇಕೋ ಅಲ್ಲೇ ನಡಗಿತು ದನಿ. ಥೇಟ್ ನಮ್ಮಕ್ಕ! ಇದನ್ನ ತಪ್ಪು ಅಂದ್ನ ಶೇಖಸಾಬ? ಬರಲಿ ಅಂವ ಊಟಾ ಮುಗಿಸಿ...

ಯಾಕ?... ಯಾಕ ಅಳಾಕತ್ತಿ?

ಏನಂದಿ? ಮಾರಿ ಎತ್ತು. ಕೈ ತಗಿ ಬಾಯಿ ಮ್ಯಾಲಿಂದ, ಕೈ ತಗಿ!... "ಹಾಡಲಿಲ್ಲ"?... ಬರೇ ಬಾಯಿ ಅಲ್ಲಾಡಿಸಿದಿ? ದನಿನ ತಗೀಲಿಲ್ಲ? ನನಗ ಕೇಳತೈತೋ ಇಲ್ಲೋ ನೋಡಾಕ?

ಸುಳ್ಳು ಹೇಳಬ್ಯಾಡ ಹುಡಿಗಿ! ನಾ ಕೇಳಿದೆ. ಎರಡೂ ಸಾಲು ಕೇಳಿದೆ, ಮೊದಲಿಂದ ಕೊನಿತನಕ... ಇಲ್ಲೇ... ಇಲ್ಲೇ ಹಿಂದಿನಿಂದ...

ಬಾಗಿಲಾ ತಗೀಬ್ಯಾಡ. ತಡಿ. ಮೇಡಂಗ ಹೇಳಬ್ಯಾಡ, ನಿನ್ನ ಕಾಲ ಬೀಳತೀನಿ. ಈ ಹಾಡು ಬಿಟ್ಟು ನನಗ ಏನೈತಿ?... ಬ್ಯಾಡ. ಇಲ್ಲ. ಹೇಳು. ಮೊದಲ ಶೇಖಸಾಬಗ ಹೇಳು. ಅವನ ಕಿವಿ ಚಲೋ ಅದಾವು, ನಾ ಸುಳ್ಳು ಹೇಳಿದೆ. ಅಂವ ಎಲ್ಲಿ ಕೈ ಎತ್ತಿದನೋ ಅಲ್ಲಿ ತಪ್ಪೈತಿ, ತಿದ್ದಿಸಿಕೊ. ನಾ ತಿದ್ದಿಲ್ಲ ನನ್ನವ್ವಾ. ನಿಮ್ಮದು ಯಾರದೂ ಒಂದೂ ತಿದ್ದಿಲ್ಲ. ಇಷ್ಟು ದಿನ ನಿಮ್ಮ ಬಾಯಿ ನೋಡಿ, ಅಕ್ಕನ ಹಾಡು ಕೇಳಿ, ನಿಮಗ ಭೇಷ್ ಅಂದೆ.

ನಿನ್ನ ದನಿ ನಾ ಒಮ್ಮೆನೂ ಕೇಳಿಲ್ಲ, ರಂಜನಾ. ಹೆಂಗೈತಿ ಅದು? ಸಣ್ಣದೋ, ದಪ್ಪದೋ? ಮಗ್ಗದ ಸಪ್ಪಳ ಕಿವಿ ತಿಂದ ಮ್ಯಾಲೂ ಮಂದಿವು ನಾಕ ಮಾತು ಮಸಕ ಮಸಕ ಕೇಳತಿದ್ದುವು ನನಗ, ನೀ ಸಿಗೂ ಮೊದಲ. ಆಮ್ಯಾಲ ಅಕಿ ದನಿ ದೊಡ್ಡದಾತು. ಮೊದಲ ಬರೇ ಕೊನಿ ಸೊಲ್ಲು ಎತ್ತತಿದ್ಲು. ಈಗ ಪೂರಾ ಹಾಡು ಅಕಿನ ಹಾಡತಾಳ. ನಿನಗ ಜಾಗಾನ ಬಿಟ್ಟಿಲ್ಲ.

ತಿರುಗಿ ನೋಡಿದ್ರ ಹೋಗತಾಳ. ನನಗ ಗೊತ್ತೈತಿ, ಹೋಗತಾಳ. ಅಕಿನೂ ಹೋದ್ರ ನನಗ ಏನೂ ಉಳಿಯಂಗಿಲ್ಲ... ಆಗಲಿ. ನೀ ಹಾಡು. ಈ ಸಲ ದನಿ ತಗದು ಹಾಡು, ಎದಿ ತುಂಬಿ ಹಾಡು. ನಾ ತಿರುಗತೀನಿ. ಅಕ್ಕಾ, ತಪ್ಪು ತಿಳಕೋಬ್ಯಾಡ ನಮ್ಮವ್ವಾ...

ಯಾರೂ ಇಲ್ಲ. ಬರೇ ಗ್ವಾಡಿ.

ಹಾಡಾಕತ್ತೀಯೇನು, ರಂಜನಾ?