ಹಗ್ಗ ಜಗ್ಗಿದ್ದು ಯಾರು?

ಆ ದೀಪ ಹಾಗೇ ಇರಲಿ, ಆರಿಸಬೇಡಿ. ಇದು ನಮ್ಮ ಚಿಕ್ಕಮ್ಮನ ಮಗ ಅಭಿಲಾಷನಿಗೆ ಆದದ್ದು. ಎಲ್ಲೋ ಕಾಡಿನಲ್ಲಲ್ಲ, ಪುಣೆಯಲ್ಲೇ. ಅವನು ಬಾಡಿಗೆಗಿರುವ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಪಕ್ಕದಲ್ಲೇ.

ಅವತ್ತು ಶಿವಾಜಿನಗರದ ಸ್ಟುಡಿಯೋದಿಂದ ಹೊರಡುವಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು. ಆಟೋದವನು ಮುಖ್ಯ ರಸ್ತೆಯಲ್ಲೇ ಇಳಿಸಿ, ಗಲ್ಲಿಯೊಳಗೆ ಬರಲಾರೆ ಎಂದು ತಿರುಗಿಸಿಕೊಂಡು ಹೋದ. ಇವನು ನಡೆದ. ಗಲ್ಲಿಯ ಕೊನೆಗೆ ಒಂದು ಹಳೆಯ ಆಲದ ಮರ, ಅದರ ಬುಡಕ್ಕೆ ಬಾವಿ. ಹಿಂದೆ ಅಲ್ಲೆಲ್ಲ ಹೊಲ ಇತ್ತಂತೆ. ಈಗ ಸುತ್ತಲೂ ಕಟ್ಟಡ. ಬಾವಿಯ ಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ.

ಅಭಿಲಾಷನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ನಿರ್ಮಾಪಕರು ಆಗಷ್ಟೇ ಫೋನ್ ಮಾಡಿ, ಅವನು ನಿರ್ದೇಶಿಸುತ್ತಿದ್ದ ಸಿನಿಮಾವನ್ನು ಮತ್ತೆ ಒಂದು ವರ್ಷ ಮುಂದೆ ಹಾಕಿದ್ದರು. ಬೈದುಕೊಳ್ಳುತ್ತಲೇ ಬಾವಿ ದಾಟಿದ. ಹಿಂದಿನಿಂದ...

"ಸರ..."

ನಿಂತ. ಆಲದ ಎಲೆಗಳು ಸರಸರ ಅಂದವು. ಜಾಲರಿ ಒಮ್ಮೆ ಕಿಣ್ ಅಂದಿತು.

"ಸರ... ಹಗ್ಗ ಜಗ್ಗಿದವ್ರು ಯಾರ್ರೀ?"

ಹೆದರಿದನೇ? ಇಲ್ಲ. ಸಿಟ್ಟು ನೆತ್ತಿಗೇರಿತು. "ಥತ್! ಈ ಹೊತ್ತಲ್ಲೂ ಅದೇನಾ? ರಿಲೀಸ್ ಆದಾಗ ನೋಡ್ರಿ!" ಅಂತ ತಿರುಗಿದ. ಯಾರೂ ಇರಲಿಲ್ಲ. ಕುಡಿದವನು ಯಾರೋ ಮರದ ಹಿಂದೆ ಇದ್ದಾನು ಎಂದುಕೊಂಡು ಮನೆಗೆ ಹೋಗಿ ಮಲಗಿದ.

ಅವನ ಸಿಟ್ಟು ನಿಮಗೆ ಅರ್ಥವಾಗಬೇಕಾದರೆ ಹಿಂದಿನದನ್ನು ಹೇಳಬೇಕು. ಹನ್ನೆರಡು ವರ್ಷದ ಹಿಂದೆ, ಐಟಿ ಕೆಲಸದಲ್ಲಿದ್ದುಕೊಂಡೇ, ಶನಿವಾರ ಭಾನುವಾರ ಗೆಳೆಯರನ್ನು ಕಟ್ಟಿಕೊಂಡು ಅವನೊಂದು ಸೈನ್ಸ್ ಫಿಕ್ಷನ್ ಸಿನಿಮಾ ಮಾಡಿದ್ದ. ಹೆಸರು 'ಆಕಾಶಬಾವಿ'. ಒಂದು ಬಾವಿಯ ತಳದಲ್ಲಿ ಬೇರೆ ಲೋಕದ ಬಾಗಿಲು ತೆರೆಯುತ್ತದೆ. ವಿಜ್ಞಾನಿ ತಾಯಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾಳೆ. ಮೇಲೆ ಪುಟ್ಟ ಮಗಳು ಹಗ್ಗ ಹಿಡಿದು ನಿಂತಿರುತ್ತಾಳೆ. ಬಾಗಿಲು ಮುಚ್ಚಿಹೋಗುತ್ತದೆ. ಇನ್ನೇನು, ತಾಯಿ ಹೋದಳು ಅನ್ನುವಾಗ... ಮಗಳ ಕೈಯಲ್ಲಿ ಹಗ್ಗ ಮೂರು ಸಲ ಜಗ್ಗುತ್ತದೆ. ಪರದೆ ಕಪ್ಪಾಗುತ್ತದೆ. 'ಉಳಿದದ್ದು ಎರಡನೇ ಭಾಗದಲ್ಲಿ.'

ಜನ ಹುಚ್ಚೆದ್ದು ನೋಡಿದರು. ಅಲ್ಲಿಂದ ಶುರುವಾಯಿತು ಇವನ ಗೋಳು. ಹಲ್ಲಿನ ಡಾಕ್ಟರು ಇವನ ಬಾಯಲ್ಲಿ ಯಂತ್ರ ತುರುಕಿ, "ಹಗ್ಗ ಯಾರು ಜಗ್ಗಿದ್ದು?" ಅಂದರು. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಅಣ್ಣ ಅದನ್ನೇ ಕೇಳಿದ. ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ: ಎರಡನೇ ಭಾಗ ನೋಡಿ. ಆದರೆ ಒಂದು ಮಾತನ್ನು ಯಾರಿಗೂ ಹೇಳಿರಲಿಲ್ಲ. ಹಗ್ಗ ಜಗ್ಗಿದ್ದು ಯಾರೆಂದು ಅವನಿಗೂ ಗೊತ್ತಿರಲಿಲ್ಲ. ಚೆನ್ನಾಗಿ ಕಾಣುತ್ತದೆ ಅಂತ ಜಗ್ಗಿಸಿಬಿಟ್ಟಿದ್ದ, ಅಷ್ಟೇ.

ಎರಡನೇ ಭಾಗ ಶುರುವಾಗಿ ನಿಂತಿತು. ಮತ್ತೆ ಶುರುವಾಗಿ ಮತ್ತೆ ನಿಂತಿತು. ಕತೆ ಮುಂದುವರಿಯಬೇಕಾದದ್ದು ಹಗ್ಗ ಜಗ್ಗಿದ ಮರುಕ್ಷಣದಿಂದ. ಇಲ್ಲಿ ನೋಡಿದರೆ ಹಗ್ಗ ಹಿಡಿದು ನಟಿಸಿದ್ದ ಹುಡುಗಿಗೆ ಮದುವೆಯಾಗಿತ್ತು! ನಿರ್ಮಾಪಕ ಬಸವಪ್ರಭು ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡಿಸುವ ಮನುಷ್ಯ. ಸಿನಿಮಾವನ್ನೂ ಹಾಗೇ ಬಿಡಿಬಿಡಿಯಾಗಿ ಮಾಡಬಹುದು ಎಂದುಕೊಂಡಿದ್ದರು. "ಹಗ್ಗದ ಉತ್ತರ ಈಗ ಯಾಕ್ರಿ? ಮೂರನೇ ಭಾಗದಾಗ ಕೊಡೂಣು," ಅನ್ನುತ್ತಿದ್ದರು. ಅಭಿಲಾಷ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಹೀಗಿರುವಾಗ ಒಂದು ಬೆಳಿಗ್ಗೆ ಗುರುತಿಲ್ಲದ ಹೆಂಗಸಿನ ಫೋನು.

"ನಾ ಮಾಧುರಿ ಅಂತ್ರಿ. ನಮ್ಮ ಮನ್ಯಾವ್ರು ಲೋಕನಾಥ, ತೀರಿಕೊಂಡಾರ. ಇವತ್ತ ಹತ್ತನೇ ದಿನ. ಕಾಗಿ ಪಿಂಡ ಮುಟ್ಟವಲ್ದು. ನೀವು ಸ್ವಲ್ಪ ಘಾಟಿಗೆ ಬರ್ತೀರೇನ್ರಿ?"

ಲೋಕನಾಥ ಅಂದರೆ ಟ್ರಾನ್ಸ್‌ಪೋರ್ಟ್ ಕಚೇರಿಯ ಗುಮಾಸ್ತ, ವಿಜಯಪುರದ ಕಡೆಯವರು. ಕನ್ನಡ ಸಂಘದ ಸಮಾರಂಭದಲ್ಲಿ ಎರಡನೇ ಭಾಗದ ಬಗ್ಗೆ ಇವನನ್ನು ಕೇಳಿದ್ದವರು. ಇವನು ಹೋದ. ನದಿಯ ದಂಡೆಯಲ್ಲಿ ಎಲೆಯ ಮೇಲೆ ಪಿಂಡ. ಗೋಡೆಯ ಮೇಲೆ ಸಾಲಾಗಿ ಕಾಗೆ. ಒಂದೂ ಇಳಿಯುತ್ತಿಲ್ಲ. ಸತ್ತವರ ಆಸೆ ಉಳಿದಿದ್ದರೆ ಹಾಗಾಗುತ್ತದೆ ಅನ್ನುತ್ತಾರಲ್ಲ. ಮಕ್ಕಳನ್ನು ಓದಿಸುತ್ತೇನೆ ಅಂದರು ಲೋಕನಾಥರ ಅಣ್ಣ. ಸ್ಕೂಟರ್ ಮಾರುವುದಿಲ್ಲ ಅಂದ ಭಾವಮೈದುನ. ಬಿಸಿಲು ಏರಿತು, ಕಾಗೆಗಳು ಕೂತೇ ಇದ್ದವು. ದರ್ಭೆಯಿಂದ ಕಾಗೆ ಮಾಡಿ ಮುಟ್ಟಿಸಿಬಿಡೋಣ ಅಂದರು ಭಟ್ಟರು. ಮಾಧುರಿ ಒಪ್ಪಲಿಲ್ಲ.

"ನನ್ನ ಚಿಂತಿ ಬಿಡ್ರಿ, ನಾ ಗಟ್ಟಿ ಅದೀನಿ ಅಂತ ನಾನೂ ಹೇಳಿ ನೋಡಿದೆ. ಕಾಗಿ ತಿರುಗಿ ಸುದ್ದಾ ನೋಡಲಿಲ್ಲ," ಅಂದಳು. ಕಣ್ಣಲ್ಲಿ ನೀರು, ದನಿಯಲ್ಲಿ ಸಿಟ್ಟು. "ದವಾಖಾನಿಗೆ ಹೋಗೂವಾಗ ಸುದ್ದಾ ನಿಮ್ಮ ಸಿನಿಮಾದ್ದ ಮಾತ್ರಿ. ಒಂದ್ ಮಾತ ಹೇಳಿಬಿಡ್ರಿ ಅವರಿಗೆ."

ಏನು ಹೇಳುತ್ತಾನೆ? ಎಲ್ಲರೂ ಇವನನ್ನೇ ನೋಡುತ್ತಿದ್ದಾರೆ. ಕೈ ಮುಗಿದ. "ಲೋಕನಾಥ್ ಸರ್, ಈ ದೀಪಾವಳಿಗೆ ರಿಲೀಸ್. ಪ್ರಾಮಿಸ್," ಅಂದ.

ಮಾತು ಮುಗಿದಿರಲಿಲ್ಲ. ಪಟಪಟ ರೆಕ್ಕೆ ಬಡಿಯಿತು. ಎಲೆಯ ಮೇಲೆ ಕೊಕ್ಕಿನ ಸಪ್ಪಳ, ಟಕ್.

ಮಾಧುರಿ ಸೆರಗಿನಿಂದ ಮೂಗು ಒರೆಸಿಕೊಂಡು, "ನೋಡ್ರಿ, ನಮ್ಮ ಮನ್ಯಾವ್ರು ಹೆಂಥಾವ್ರು!" ಅಂದಳು.

ದೀಪಾವಳಿ ಬಂತು, ಹೋಯಿತು. ಸಿನಿಮಾ ಬರಲಿಲ್ಲ. ನಾನು ಮೊದಲು ಹೇಳಿದೆನಲ್ಲ, ಬಸವಪ್ರಭು ಫೋನ್ ಮಾಡಿ ಮುಂದಿನ ವರ್ಷಕ್ಕೆ ಹಾಕಿದ ರಾತ್ರಿ... ಅದು ದೀಪಾವಳಿಯ ಮಾರನೆಯ ದಿನ.

ಎರಡನೇ ರಾತ್ರಿ ಬಾವಿಯ ಹತ್ತಿರ ಬರುವಾಗ ಅಭಿಲಾಷ ಬೀಸುಗಾಲು ಹಾಕಿದ.

"ಸರ... ದೀಪಾವಳಿ ಅಂದಿದ್ರಿ..."

ಆಗ ಹೆದರಿದ. ದೀಪಾವಳಿಯ ಮಾತು ಕೊಟ್ಟದ್ದು ಲೋಕನಾಥರಿಗೆ. ಆ ದನಿ ಮರದ ಹಿಂದಿನದಲ್ಲ. ಕೆಳಗಿನಿಂದ ಬರುತ್ತಿತ್ತು, ತುಂಬಾ ಕೆಳಗಿನಿಂದ. ಬಾವಿಯಲ್ಲಿ ಮಾತಾಡಿದರೆ ಗುಂಯ್ ಅನ್ನುತ್ತದಲ್ಲ, ಹಾಗೆ. ಓಡಿಬಿಟ್ಟ.

ಬೇರೆ ದಾರಿ ಇಲ್ಲ, ಸೊಸೈಟಿಗೆ ಇರುವುದೊಂದೇ ಗೇಟು. ಮನೆ ಬದಲಿಸೋಣವೆಂದರೆ ಒಂಟಿ ಗಂಡಸಿಗೆ, ಅದೂ ಸಿನಿಮಾದವನಿಗೆ, ಪುಣೆಯಲ್ಲಿ ಬಾಡಿಗೆ ಮನೆ ಕೊಡುವ ಪುಣ್ಯಾತ್ಮ ಯಾರು? ಕೊನೆಗೆ ಒಂದು ರಾತ್ರಿ ಗಟ್ಟಿ ಮನಸ್ಸು ಮಾಡಿ ನಿಂತ.

"ಸಿನಿಮಾ ಲೇಟಾಗತ್ತೆ ಸರ್. ಕತೆ ಬೇಕಾದ್ರೆ ಹೇಳಿಬಿಡ್ತೀನಿ. ಹಗ್ಗ ಜಗ್ಗಿದ್ದು ಬೇರೆ ಲೋಕದವರು."

ಜಾಲರಿ ಕಿಣ್ ಅಂದಿತು.

"ಅಲ್ರಿ..."

ಮರುದಿನ ತಾಯಿಯೇ ಜಗ್ಗಿದ್ದು ಅಂದ. "ಬಾಗಿಲಾ ಮುಚ್ಚೇದಲ್ರೀ... ಹೆಂಗ ಜಗ್ತಾಳ?" ಇನ್ನೊಂದು ರಾತ್ರಿ ಕಂಪ್ಯೂಟರ್ ಅಂದ. ಬಾವಿಯಿಂದ ಬರೀ ನಿಟ್ಟುಸಿರು ಬಂತು. ಹಗಲಿಡೀ ನಿರ್ಮಾಪಕನ ಹತ್ತಿರ ಬೈಸಿಕೊಂಡು, ರಾತ್ರಿ ಸತ್ತವರ ಹತ್ತಿರವೂ ಕತೆ ಪಾಸಾಗದಿದ್ದರೆ ಮನುಷ್ಯ ಏನಾಗಬೇಡ! ಒಂದು ರಾತ್ರಿ ಅಭಿಲಾಷನ ತಾಳ್ಮೆ ಕಿತ್ತುಹೋಯಿತು.

"ನನಗೇ ಗೊತ್ತಿಲ್ಲ ಸರ್! ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಸಾಕಾ?"

ಬಾವಿಯಿಂದ, ಪಿಸುದನಿಯಲ್ಲಿ...

"ಗೊತ್ತಿಲ್ಲಾ?"

ಅಷ್ಟೇ. ಆಮೇಲೆ ಯಾವ ರಾತ್ರಿಯೂ ಪ್ರಶ್ನೆ ಬರಲಿಲ್ಲ. ಆದರೆ ಇವನು ದಾಟುವಾಗಲೆಲ್ಲ ಕೆಳಗೆ ಯಾರೋ ಸಣ್ಣಗೆ ಕೆಮ್ಮುತ್ತಿದ್ದರು. ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂತು, ಸಾಹೇಬರು ಕರೆಯಲಿ ಎಂದು ಕಾಯುವವರ ಕೆಮ್ಮು. ಅದು ಪ್ರಶ್ನೆಗಿಂತ ಕಷ್ಟವಾಯಿತು. ಊಟ ಸೇರದಾಯಿತು. ತನ್ನ ಒಂದು ಚಮತ್ಕಾರಕ್ಕೆ ಒಬ್ಬ ಮನುಷ್ಯ ಸತ್ತ ಮೇಲೂ ಕತ್ತಲಲ್ಲಿ ಕೂತಿದ್ದಾನಲ್ಲ ಎಂದು ಸಂಕಟಪಟ್ಟ.

ಒಂದು ಭಾನುವಾರ ಸಂಜೆ ಮಾಧುರಿಯ ಮನೆಗೆ ಹೋದ. ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಬಾವಿಯ ವಿಷಯ ಹೇಳಲು ಬಾಯಿ ಬರಲಿಲ್ಲ. "ತಪ್ಪಾಯ್ತು ಅಕ್ಕ. ಮಾತು ಕೊಟ್ಟೆ, ಸಿನಿಮಾ ಆಗ್ಲಿಲ್ಲ. ಯಾಕಂದ್ರೆ ಹಗ್ಗ ಜಗ್ಗಿದ್ದು ಯಾರು ಅಂತ ನನಗೆ ಗೊತ್ತಿಲ್ಲ," ಅಂದ.

"ಏನ್ ಹಗ್ಗರಿ ಅದು? ನಾ ಅಂತೂ ಆ ಸಿನಿಮಾ ನೋಡಿಲ್ಲ. ಹೇಳ್ರಿ."

ಹೇಳಿದ. ಬಾವಿ, ತಾಯಿ, ಮೇಲೆ ನಿಂತ ಮಗಳು, ಮೂರು ಸಲ ಜಗ್ಗಿದ ಹಗ್ಗ. ಮಾಧುರಿಯ ಕೈ ಸೊಪ್ಪಿನಲ್ಲೇ ನಿಂತಿತು.

"ಐಸಿಯುದಾಗ ನಾ ಇವರ ಕೈ ಹಿಡಕೊಂಡ ಕೂತಿದ್ದೆ. ಕೈ ಅಲ್ಲಾಡಿದಂಗ ಆತು. ಎದ್ರು ಅಂತ ಒದರಿದೆ. ನರ್ಸ್ ಓಡಿ ಬಂದ್ಳು. ಏನಿಲ್ಲ ಅಂದ್ಳು. ಮತ್ತ ಅಲ್ಲಾಡಿತು, ಮತ್ತ ಕರದೆ. ಕಡೀಕ ಆಕಿ ನನ್ನ ಕೈ ಮ್ಯಾಲೆ ಕೈ ಇಟ್ಟು, ಅಲ್ಲಾಡಾಕತ್ತಿದ್ದು ನಿಮ್ಮ ಕೈ ಅಂದ್ಳು." ಕಣ್ಣು ಒರೆಸಿಕೊಳ್ಳಲಿಲ್ಲ, ಹರಿಯಲು ಬಿಟ್ಟಳು. "ನಿಮ್ಮ ಹುಡುಗೀನ ಜಗ್ಗ್ಯಾಳ್ರಿ. ಆಕಿಗೆ ಗೊತ್ತಾಗಿಲ್ಲ. ಮತ್ಯಾರು ಜಗ್ತಾರ? ಹೋದವ್ರು ಜಗ್ತಾರೇನು?"

ಅಭಿಲಾಷ ಚಹಾ ಅಲ್ಲೇ ಬಿಟ್ಟು ಎದ್ದ. ಎಷ್ಟು ಬೀದಿ ಸುತ್ತಿದನೋ, ಗಲ್ಲಿಗೆ ಬಂದಾಗ ಎಲ್ಲರ ಮನೆಯ ದೀಪ ಆರಿತ್ತು. ಚಳಿ. ಆಲದ ಕೆಳಗೆ ನಿಂತ. ಕೆಳಗೆ ಕೆಮ್ಮು ಕೇಳಿತು.

"ಲೋಕನಾಥ್ ಸರ್... ಮಗಳೇ ಜಗ್ಗಿದ್ದು."

ಕೆಮ್ಮು ನಿಂತಿತು.

"ಅವಳ ಕೈಯೇ ನಡುಗಿದ್ದು. ಅಮ್ಮ ಕರೆದಳು ಅಂದ್ಕೊಂಡಳು. ಅದಕ್ಕೇ ಬಾವಿ ಬಿಟ್ಟು ಹೋಗ್ಲಿಲ್ಲ. ಹಗ್ಗ ಹಿಡ್ಕೊಂಡು ಅಲ್ಲೇ ದೊಡ್ಡವಳಾದಳು. ಎರಡನೇ ಭಾಗ ಅಲ್ಲಿಂದ ಶುರುವಾಗತ್ತೆ." ಬಾವಿಯ ಕಡೆ ಇನ್ನೊಂದು ಹೆಜ್ಜೆ ಇಟ್ಟ. "ಕೊನೆಗೆ ಅವಳಿಗೆ ಗೊತ್ತಾಗತ್ತೆ. ಗೊತ್ತಾದ್ಮೇಲೆ... ಹಗ್ಗ ಬಿಡ್ತಾಳೆ."

ಎಲೆ ಅಲ್ಲಾಡಲಿಲ್ಲ. ಜಾಲರಿ ಕಿಣ್ ಅನ್ನಲಿಲ್ಲ. ಇದೂ ಪಾಸಾಗಲಿಲ್ಲ ಎಂದುಕೊಂಡು ಅವನು ತಲೆ ತಗ್ಗಿಸಿದ. ಆಗ...

ಫ್ವೀ... ಈ... ಈಂಯ್!

ಸೀಟಿ! ಥಿಯೇಟರಿನಲ್ಲಿ ಮುಂದಿನ ಸಾಲಿನವರು ಎರಡು ಬೆರಳು ಬಾಯಿಗಿಟ್ಟು ಹೊಡೆಯುತ್ತಾರಲ್ಲ, ಅಂಥ ಸೀಟಿ. ಬಾವಿಯ ತಳದಿಂದ ಎದ್ದು, ಜಾಲರಿ ನಡುಗಿಸಿ, ಹತ್ತು ಮಹಡಿ ಹತ್ತಿತು. ನಾಯಿಗಳು ಊಳಿಟ್ಟವು. ಕಿಟಕಿಗಳಲ್ಲಿ ಒಂದೊಂದೇ ದೀಪ ಹೊತ್ತಿಕೊಂಡವು. ವಾಚ್‌ಮನ್ ಕೋಲು ಹಿಡಿದು ಓಡಿ ಬಂದು, "ಸಾಹೇಬ್, ರಾತ್ರೀ ಶಿಟ್ಟೀ ನಕಾ ವಾಜವೂ!" ರಾತ್ರಿ ಹೊತ್ತು ಸೀಟಿ ಹೊಡೆಯಬೇಡಿ ಅಂತ ಇವನನ್ನೇ ಗದರಿಸಿದ.

ಆಮೇಲೆ ಬಾವಿಯಲ್ಲಿ ಯಾರೂ ಕೆಮ್ಮಿಲ್ಲ. ಸಿನಿಮಾ? ಅದಿನ್ನೂ ಆಗಿಲ್ಲ. ಬಸವಪ್ರಭು ಮತ್ತೆ ಮುಂದಿನ ದೀಪಾವಳಿ ಅನ್ನುತ್ತಿದ್ದಾರೆ. ಅಭಿಲಾಷ ಈಗಲೂ ದಿನಾ ಬೈದುಕೊಳ್ಳುತ್ತಾನೆ, ಆದರೆ ರಾತ್ರಿ ನಿದ್ದೆ ಮಾಡುತ್ತಾನೆ.

ಸುಳ್ಳು ಅನ್ನಬೇಡಿ. ಸೀಟಿ ಹೊಡೆದು ನಿದ್ದೆ ಕೆಡಿಸಿದ ಅಂತ ಸೊಸೈಟಿಯವರು ಇವನನ್ನು ಮೀಟಿಂಗಿಗೆ ಕರೆದು, ಗೇಟಿನ ಕ್ಯಾಮೆರಾದಲ್ಲಿ ಸೆರೆಯಾದದ್ದನ್ನು ಎಲ್ಲರ ಮುಂದೆ ಹಾಕಿದರು. ಆ ವಾರ ನಾನು ಅವನ ಮನೆಯಲ್ಲೇ ಇದ್ದೆ, ನನ್ನ ಕಣ್ಣಾರೆ ನೋಡಿದ್ದೇನೆ. ಕಟ್ಟಡದ ದೀಪಗಳು ಒಂದೊಂದೇ ಹೊತ್ತಿಕೊಳ್ಳುತ್ತವೆ. ಅಭಿಲಾಷ ಬಾವಿಯ ಮುಂದೆ ಒಬ್ಬನೇ ನಿಂತಿದ್ದಾನೆ. ಬಾಯಿ ಮುಚ್ಚಿದೆ. ಎರಡೂ ಕೈ ಜರ್ಕಿನ್ನಿನ ಜೇಬಿನಲ್ಲಿವೆ.